ಹಳೆ ಮಾರ್ಟಿನಿ ರೈಫಲ್: ಬ್ಯಾರಲ್ ದೂರುವ ಮೊದಲು ನೋಡಬೇಕಾದ್ದು

ಎಲ್ಲರಿಗೂ ನಮಸ್ಕಾರ. ಬ್ರಿಟನ್ನಿನ ಶಾಲಾ ಶೂಟಿಂಗ್ ತಂಡಗಳು ದಶಕಗಟ್ಟಲೆ ಬಳಸಿದ .22 (ನಳಿಗೆಯ ಒಳವ್ಯಾಸ, ಇಂಚಿನಲ್ಲಿ) ಟಾರ್ಗೆಟ್ ರೈಫಲ್‌ಗಳ ಬಗ್ಗೆ, ಅದರಲ್ಲೂ ಬರ್ಮಿಂಗ್‌ಹ್ಯಾಮ್‌ನ ಬಿಎಸ್‌ಎ ಕಂಪನಿಯ ಮಾರ್ಟಿನಿಗಳ ಬಗ್ಗೆ ಇವತ್ತಿನ ಮಾತು. ಎನ್‌ಸಿಸಿಯಲ್ಲಿ .22 ಹಿಡಿದವರಿಗೆ ಬೋಲ್ಟ್ ಎಳೆದು ತಳ್ಳುವ ರೈಫಲ್ ಗೊತ್ತು. ಮಾರ್ಟಿನಿಯಲ್ಲಿ ಬೋಲ್ಟೇ ಇಲ್ಲ. ಕೆಳಗಿನ ಲಿವರ್ ಎಳೆದರೆ ಒಳಗಿನ ಉಕ್ಕಿನ ಬ್ಲಾಕ್‌ನ ಮುಂತುದಿ ಕೆಳಗಿಳಿಯುತ್ತದೆ, ಖಾಲಿ ಕೇಸ್ (ಗುಂಡಿನ ಲೋಹದ ಕವಚ) ಹೊರಬರುತ್ತದೆ. ಬ್ಲಾಕ್‌ನ ಮೇಲಿರುವ ತೋಡಿನಲ್ಲಿ ಹೊಸ ಗುಂಡನ್ನು ಹೆಬ್ಬೆರಳಿಂದ ಜಾರಿಸಿ ಲಿವರ್ ಮುಚ್ಚಿದರೆ ರೈಫಲ್ ಸಿದ್ಧ. ಎಡಗೈ ಮಕ್ಕಳಿಗೂ ಬಲಗೈ ಮಕ್ಕಳಿಗೂ ಒಂದೇ ಸಲೀಸು. ನಾಲ್ಕಾರು ರೈಫಲ್‌ಗಳನ್ನು ಇಡೀ ತಂಡ ಹಂಚಿಕೊಳ್ಳುವ ಕಡೆ ಇದು ಸಣ್ಣ ಅನುಕೂಲವಲ್ಲ.

1871ರಲ್ಲಿ ಬ್ರಿಟಿಷ್ ಸೇನೆ ಸೇರಿದ ಮಾರ್ಟಿನಿ-ಹೆನ್ರಿಯ ಯಂತ್ರವೇ ಇಲ್ಲಿ ಚಿಕ್ಕದಾಗಿ ಬಂದಿದೆ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಹೊತ್ತಿಗೆ ಜನಸಾಮಾನ್ಯರಿಗೂ ಗುರಿ ಬರಬೇಕು ಎಂಬ ಮಾತೆದ್ದು, 1901ರಲ್ಲಿ ದುಡಿಯುವವರ ರೈಫಲ್ ಕ್ಲಬ್‌ಗಳ ಸಂಘ ಹುಟ್ಟಿತು. ಅಗ್ಗದ .22 ಗುಂಡು, 25 ಗಜದ ಒಳಾಂಗಣ ರೇಂಜ್ ಇದ್ದರೆ ಸಾಕಾಗಿದ್ದರಿಂದ ಶಾಲೆಗಳಿಗೂ ಈ ಗುರಿ ಅಭ್ಯಾಸ ಹಬ್ಬಿತು. ಬಿಎಸ್‌ಎ ಮಾಡೆಲ್ 12, ಆಮೇಲೆ 12/15, 1950ರಿಂದ ಇಂಟರ್‌ನ್ಯಾಷನಲ್ ಮಾಲಿಕೆ: ಶಾಲೆಗಳ ಕಪಾಟಿನಲ್ಲಿ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಇವು. ಜೊತೆಗೆ ಕೆಡೆಟ್‌ಗಳ ಕೈಯಲ್ಲಿ ಲೀ-ಎನ್‌ಫೀಲ್ಡ್ ವಂಶದ ನಂಬರ್ 8 ರೈಫಲ್ ಇರುತ್ತಿತ್ತು.

ಆಯ್ಕೆಯ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಮೊದಲ ಇಂಟರ್‌ನ್ಯಾಷನಲ್ ಸುಮಾರು 14 ಪೌಂಡ್, ಅಂದರೆ ಆರು ಕಿಲೋ ದಾಟುತ್ತದೆ. ಹದಿಮೂರು ವರ್ಷದ ಹುಡುಗಿಗೆ ಅದನ್ನು ಕೊಟ್ಟರೆ ಹತ್ತನೇ ಗುಂಡಿಗೆ ಮೊಣಕೈ ನಡುಗುತ್ತದೆ, ತಪ್ಪು ಅವಳ ಗುರಿಯದು ಅನಿಸುತ್ತದೆ. ಒಂಬತ್ತು ಪೌಂಡ್ ಆಸುಪಾಸಿನ ಮಾಡೆಲ್ 12 ಅವಳಿಗೆ ವಾಸಿ.

ಇನ್ನು ಮುಖ್ಯ ವಿಷಯ. ಗ್ರೂಪಿಂಗ್ (ಒಂದೇ ಗುರಿಗೆ ಹಾರಿಸಿದ ಗುಂಡುಗಳ ಗುಂಪು) ಚದುರಿದ ಕೂಡಲೇ 'ಬ್ಯಾರಲ್ ಸವೆದಿದೆ' ಅನ್ನುತ್ತಾರೆ. ಸೀಸದ ಮೆದು ಗುಂಡು ಅಷ್ಟು ಸುಲಭಕ್ಕೆ ಬ್ಯಾರಲ್ ಸವೆಸುವುದಿಲ್ಲ. ಮೊದಲು ಸ್ಕ್ರೂಗಳನ್ನು ನೋಡಿ: ಬಟ್‌ನದು (ಭುಜಕ್ಕೊರಗುವ ಹಿಂಬದಿಯ ಮರ), ಫೋರ್‌ಎಂಡ್‌ನದು (ಬ್ಯಾರಲ್ ಅಡಿಯ ಮುಂಬದಿಯ ಮರ), ಬ್ಯಾಕ್‌ಸೈಟ್‌ನದು (ಗುರಿ ನೋಡುವ ಹಿಂದಿನ ಸಾಧನ). ಆಮೇಲೆ ಫೋರ್‌ಎಂಡ್ ಅಡಿಗೆ ಮರಳುಚೀಲ ಕೊಟ್ಟು, ಬ್ಯಾರಲ್‌ಗೆ ತಾಗದಂತೆ, 25 ಗಜದಲ್ಲಿ ಐದೈದು ಗುಂಡು ಹಾರಿಸಿ. ನೆಟ್ಟಗಿರುವ ರೈಫಲ್‌ನ ಐದೂ ಗುಂಡುಗಳ ಕೇಂದ್ರ ಒಂದು ಸೆಂಟಿಮೀಟರ್ ಒಳಗೆ ಬೀಳಬೇಕು. ಈಗ ರೈಫಲನ್ನು ತೋಳಿಗೆ ಬಿಗಿಯುವ ಪಟ್ಟಿ, ಸ್ಲಿಂಗ್, ಬಿಗಿದು ಮಲಗಿ ಇನ್ನೈದು. ಗ್ರೂಪ್ ಚಿಕ್ಕದಾಗಿಯೇ ಉಳಿದು ಒಟ್ಟಾಗಿ ಕೆಳಕ್ಕೆ ಸರಿದರೆ ಬ್ಯಾರಲ್ ನಿರಪರಾಧಿ. 12/15ರಲ್ಲಿ ಫೋರ್‌ಎಂಡ್ ಬ್ಯಾರಲ್‌ಗೇ ಸ್ಕ್ರೂ ಆಗಿರುವುದರಿಂದ ಸ್ಲಿಂಗ್ ಎಳೆತ ನೇರ ಬ್ಯಾರಲ್ ಮೇಲೆ ಬೀಳುತ್ತದೆ. 1959ರ ಮೂರನೇ ಇಂಟರ್‌ನ್ಯಾಷನಲ್‌ನಲ್ಲಿ ಫೋರ್‌ಎಂಡನ್ನು ಆಕ್ಷನ್‌ನಿಂದ (ಬ್ಲಾಕ್, ಲಿವರ್ ಇರುವ ಯಂತ್ರಭಾಗ) ಮುಂಚಾಚಿದ ಲೋಹದ ತೋಳಿಗೆ ಕೂರಿಸಿ, ಬ್ಯಾರಲ್ ಯಾವುದಕ್ಕೂ ತಾಗದಂತೆ ಬಿಟ್ಟದ್ದು ಇದಕ್ಕೇ. ಹಳೆಯದರಲ್ಲಿ ಉಪಾಯ ಒಂದೇ: ಪ್ರತಿ ವಿದ್ಯಾರ್ಥಿಯ ಸ್ಲಿಂಗ್ ಯಾವ ತೂತಿಗೆ ಬರುತ್ತದೆಂದು ಬರೆದಿಟ್ಟು, ಪ್ರತಿಸಲ ಅಲ್ಲಿಗೇ ಹಾಕುವುದು. ಸೈಟ್ ತಿದ್ದುವಾಗ 25 ಗಜದಲ್ಲಿ ಕಾಲು ಮಿನಿಟ್‌ನ (ಮಿನಿಟ್ ಅಂದರೆ ಒಂದು ಡಿಗ್ರಿ ಕೋನದ ಅರವತ್ತನೇ ಒಂದು ಭಾಗ) ಒಂದು ಕ್ಲಿಕ್ ಅಂದರೆ ಸುಮಾರು 1.7 ಮಿಲಿಮೀಟರ್ ಎಂಬ ಲೆಕ್ಕ ನೆನಪಿರಲಿ.

ಮಿಸ್‌ಫೈರ್ ಆದರೆ, ಅಂದರೆ ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ, ನಳಿಗೆ ಗುರಿಯತ್ತಲೇ ಇರಲಿ, 30 ಸೆಕೆಂಡ್ ಕಾದು ಲಿವರ್ ತೆಗೆಯಿರಿ. ಆ ಗುಂಡನ್ನು ಎಸೆಯುವ ಮುಂಚೆ ಭೂತಗನ್ನಡಿಯಲ್ಲಿ ಅದರ ಅಂಚು ನೋಡಿ. .22ರಲ್ಲಿ ಸಿಡಿಮದ್ದು ಇರುವುದು ಆ ಅಂಚಿನ ಒಳಗೆ, ಅಂಚಿನ ದಪ್ಪವೋ ಒಂದು ಮಿಲಿಮೀಟರ್‌ಗಿಂತ ಚೂರು ಹೆಚ್ಚು. ಅಂಚಿಗೆ ಬಡಿಯುವ ಫೈರಿಂಗ್ ಪಿನ್ನಿನ ಗುರುತು ತೆಳುವಾಗಿದ್ದರೆ ಸ್ಪ್ರಿಂಗ್ ಸೋತಿರಬೇಕು, ಇಲ್ಲವೇ ಪಿನ್ ಸವೆದಿರಬೇಕು, ಅಥವಾ ಗಟ್ಟಿಯಾದ ಎಣ್ಣೆ ಒಳಗೆ ಅಂಟಿಕೊಂಡಿರಬೇಕು. ಮೂರನೆಯದೇ ಹೆಚ್ಚು, ಆಕ್ಷನ್ ಕಳಚಿ ಸೀಮೆಎಣ್ಣೆಯಲ್ಲಿ ತೊಳೆದರೆ ಹೋಗುತ್ತದೆ. ಗುರುತು ಆಳವಾಗಿಯೇ ಇದ್ದರೆ ತಪ್ಪು ಗುಂಡಿನದು. ಗುಂಡು ಚೇಂಬರ್ (ಬ್ಯಾರಲ್ ಹಿಂತುದಿಯಲ್ಲಿ ಗುಂಡು ಕೂರುವ ಗೂಡು) ಒಳಗೆ ಹೋಗಲು ತಕರಾರು ಮಾಡಿದರೆ ಚೇಂಬರ್ ಬಾಯಿ ಸವರಿ ನೋಡಿ: ಗುಂಡಿಲ್ಲದೆ ಟ್ರಿಗರ್ ಎಳೆದೆಳೆದು ಪಿನ್ ಅಲ್ಲಿ ಬಡಿದು ಮುಳ್ಳು ಎದ್ದಿರುತ್ತದೆ. ಅಭ್ಯಾಸಕ್ಕೆ ಟ್ರಿಗರ್ ಎಳೆಯಬೇಕಿದ್ದರೆ ಖಾಲಿ ಕೇಸ್ ಹಾಕಿ, ಒಂದೊಂದು ಸಲಕ್ಕೂ ಅದನ್ನು ಸ್ವಲ್ಪ ತಿರುಗಿಸಿ.

ಬ್ಯಾರಲ್ ನಿಜಕ್ಕೂ ಕೆಡುವುದು ಎರಡು ದಾರಿಯಲ್ಲಿ. ಹಳೆ ಕಾಲದ ಸಿಡಿಮದ್ದು ಬಿಡುತ್ತಿದ್ದ ಉಪ್ಪು ತೇವ ಹೀರಿ ತುಕ್ಕಿನ ಗುಳಿ ಮಾಡಿರುತ್ತದೆ, ಅದಕ್ಕೆ ಮದ್ದಿಲ್ಲ. ಎರಡನೆಯದು ಕ್ಲೀನಿಂಗ್ ರಾಡ್. ಮಾರ್ಟಿನಿಯ ಆಕ್ಷನ್ ಹಿಂಬದಿಗೆ ಗೋಡೆ ಇರುವುದರಿಂದ ಹಿಂದಿನಿಂದ ರಾಡ್ ನೇರ ಹೋಗದು. ಮುಂದಿನಿಂದ ತುರುಕಿ ತುರುಕಿ ಬ್ಯಾರಲ್ ಮೂತಿಯ ಅಂಚನ್ನೇ ಸವೆಸಿ ಕೆಡಿಸಿದ ರೈಫಲ್‌ಗಳು ಬೇಕಾದಷ್ಟಿವೆ. ಪುಲ್-ಥ್ರೂ ಹಗ್ಗವನ್ನು ಚೇಂಬರ್ ಕಡೆಯಿಂದ ಇಳಿಬಿಟ್ಟು, ಎಣ್ಣೆ ಹಚ್ಚಿದ ಚಿಂದಿಯನ್ನು ಮೂತಿಯತ್ತ ನೇರವಾಗಿ ಎಳೆಯಿರಿ. ಹಗ್ಗ ಅಂಚಿಗೆ ಉಜ್ಜಬಾರದು. ಮುಂದಿನ ಅಭ್ಯಾಸಕ್ಕೆ ಮುಂಚೆ ಒಣಚಿಂದಿ ಎಳೆದು ಎಣ್ಣೆ ತೆಗೆಯಿರಿ. ಎಣ್ಣೆ ಉಳಿದ ಬ್ಯಾರಲ್‌ನ ಮೊದಲ ಕೆಲವು ಗುಂಡುಗಳು ಎಲ್ಲೆಲ್ಲೋ ಹೋಗುತ್ತವೆ, ಅವನ್ನು ಅಂಕಕ್ಕೆ ಹಿಡಿಯಬೇಡಿ.