ವಾಪಸು ಹೋದವರ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಡ್ಯ ಜಿಲ್ಲೆಯ ನಮ್ಮೂರಿನ ನ್ಯಾಯಬೆಲೆ ಅಂಗಡಿಯ ಮುಂದೆ ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಬಹಳ ಹೊತ್ತು ನಿಂತಿದ್ದೆ. ಪಡಿತರ ಪಡೆಯಲು ಯಂತ್ರದ ಮೇಲೆ ಹೆಬ್ಬೆಟ್ಟಿಟ್ಟು ಗುರುತು ಖಚಿತಪಡಿಸಬೇಕು. ಆ ದಿನ ಯಂತ್ರಕ್ಕೆ ಸಂಪರ್ಕವೇ ಸಿಗುತ್ತಿರಲಿಲ್ಲ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದದ್ದೇ ತಡ, ಕಬ್ಬಿನ ಗದ್ದೆಯ ಕೂಲಿ ಬಿಟ್ಟು ಬಂದಿದ್ದ ಹೆಂಗಸೊಬ್ಬರು ಖಾಲಿ ಚೀಲ ಮಡಚಿಕೊಂಡು ಹೊರಟರು. ಹೀಗಾಗಿದ್ದು ಎಷ್ಟನೆಯ ಸಲ ಎಂದು ಕೇಳಿದೆ. ‘ಅದನ್ನ ಯಾರ್ ಲೆಕ್ಕ ಮಡಗವ್ರೆ ಮೇಷ್ಟ್ರೇ’ ಎಂದರು.

ಅಂತರ್ಜಾಲದ ಬಗ್ಗೆ ಸಂಶೋಧನೆ ನಡೆಸಲು ಹಣ ಏಕೆ ಬೇಕು ಎಂಬ ಪ್ರಶ್ನೆಗೆ ನನಗೆ ತಿಳಿದಿರುವ ಸರಿಯಾದ ಉತ್ತರ ಅದೇ ಮಾತಿನಲ್ಲಿದೆ. ಪಡಿತರ ಪಡೆದವರ ವಿವರ ಯಂತ್ರದಲ್ಲಿ ದಾಖಲಾಗುತ್ತದೆ. ಸಂಪರ್ಕವಿಲ್ಲದ ಹೊತ್ತಿನಲ್ಲಿ ಬಂದು ಬರಿಗೈಯಲ್ಲಿ ಹೋದವರ ಹೆಸರು ಎಲ್ಲಿಯೂ ಸೇರುವುದಿಲ್ಲ. ಅದನ್ನು ತಿಳಿಯಬೇಕಾದರೆ ಅಂಗಡಿಯ ಮುಂದೆ ಒಬ್ಬರು ನೋಟ್‌ಬುಕ್ ಹಿಡಿದು ತಿಂಗಳುಗಟ್ಟಲೆ ಕೂರಬೇಕು, ಅವರಿಗೆ ಸಂಬಳ ಕೊಡಬೇಕು.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. 2011ರಲ್ಲಿ ಒಪ್ಪಿಗೆ ಪಡೆದು, ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆದ ಯೋಜನೆ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಗುರಿ ಇಟ್ಟುಕೊಂಡಿತು. ಇದಕ್ಕೆ ಹಣ ಬಂದದ್ದು ದೂರಸಂಪರ್ಕ ಕಂಪನಿಗಳ ಆದಾಯದ ಒಂದು ಪಾಲಿನಿಂದ ಕೂಡಿದ ನಿಧಿಯಿಂದ. 2023ರ ದೂರಸಂಪರ್ಕ ಕಾಯ್ದೆ ಆ ನಿಧಿಗೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಿಟ್ಟಿದೆ. ಇದು ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಬೆಳೆದ ನಮಗೆ ನಾಲೆ ತೋಡುವುದೇ ಬೇರೆ, ಕಡೆ ಭಾಗದ ಗದ್ದೆಗೆ ನೀರು ಮುಟ್ಟುವುದೇ ಬೇರೆ ಎಂಬುದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ನಕ್ಷೆಯಲ್ಲಿ ಎಲ್ಲ ತೂಬುಗಳೂ ಒಂದೇ ಬಣ್ಣದಲ್ಲಿರುತ್ತವೆ. ಪಂಚಾಯಿತಿ ಕಚೇರಿಯ ಗೋಡೆಯವರೆಗೆ ಬಂದ ಎಳೆ ಅಲ್ಲಿಂದ ಶಾಲೆಗೆ, ಕೇರಿಗೆ, ಅಡುಗೆಮನೆಯಲ್ಲಿರುವ ಹೆಣ್ಣುಮಗಳ ಕೈಗೆ ಮುಟ್ಟಿತೇ ಎಂಬುದನ್ನು ನಕ್ಷೆ ಹೇಳಲಾರದು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಒಮ್ಮೆಯಾದರೂ ಅಂತರ್ಜಾಲ ಬಳಸಿದ್ದ ಪುರುಷರು ನೂರಕ್ಕೆ 57 ಮಂದಿ, ಮಹಿಳೆಯರು 33 ಮಂದಿ. ಈ ಅಂತರಕ್ಕೆ ಕಾರಣ ಸಿಗ್ನಲ್ಲೋ, ಫೋನಿನ ಬೆಲೆಯೋ, ಭಾಷೆಯೋ ಅಥವಾ ಮನೆಯ ಹಿರಿಯರ ಅಪ್ಪಣೆಯೋ ಎಂಬುದನ್ನು ಅಂಕಿಗಳಷ್ಟೇ ತಿಳಿಸುವುದಿಲ್ಲ. ಮನೆಗೆ ಹೋಗಿ, ಜಗಲಿಯಲ್ಲಿ ಕುಳಿತು, ಕನ್ನಡದಲ್ಲಿ ಕೇಳಬೇಕು. ಭಾರತೀಯ ಭಾಷಾ ಸಂಸ್ಥಾನ 1969ರಿಂದ ನೆಲೆಸಿರುವ, ಶತಮಾನ ಕಂಡ ವಿಶ್ವವಿದ್ಯಾನಿಲಯವಿರುವ ಮೈಸೂರಿಗೆ ಇಂಥ ಕೆಲಸದ ಸಾಮರ್ಥ್ಯವಿಲ್ಲವೆಂದು ಯಾರೂ ಹೇಳಲಾರರು.

ಇನ್ನು ಅಂತರ್ಜಾಲದ ಸುಸ್ಥಿರತೆಯ ವಿಚಾರ, ಅಂದರೆ ಅದು ಬಳಸುವ ವಿದ್ಯುತ್ತು ಮತ್ತು ಉಳಿಸುವ ತ್ಯಾಜ್ಯದ ವಿಚಾರ. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ನಮ್ಮ ಹಳ್ಳಿಗಳ ತಲೆಯ ಮೇಲಿನಿಂದ ಹಾದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಶಕ್ತಿ ಎಲ್ಲಿ ಹುಟ್ಟುತ್ತದೆ, ಯಾರಿಗೆ ಸಲ್ಲುತ್ತದೆ ಎಂಬ ಪ್ರಶ್ನೆ ಈ ನೆಲಕ್ಕೆ ಹಳೆಯದು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ, ಅಂತರ್ಜಾಲದ ಮಾಹಿತಿಯನ್ನು ಕೂಡಿಟ್ಟು ಒದಗಿಸುವ ದತ್ತಾಂಶ ಕೇಂದ್ರಗಳು ಜಗತ್ತಿನ ವಿದ್ಯುತ್ತಿನಲ್ಲಿ ಶೇಕಡ 1.5ರಷ್ಟನ್ನು ಬಳಸಿದವು. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹೊರಹಾಕಿತು, ಕ್ರಮಬದ್ಧವಾಗಿ ಮರುಬಳಕೆಗೆ ಹೋದದ್ದು ಅದರ ಕಾಲು ಭಾಗಕ್ಕಿಂತ ಕಡಿಮೆ. ಹಳೆಯ ಫೋನುಗಳನ್ನು ಗುಜರಿಯವರು ಕೊಂಡೊಯ್ದ ಮೇಲೆ ಅವು ಎಲ್ಲಿ ಒಡೆಯಲ್ಪಡುತ್ತವೆ, ಯಾರ ಮಕ್ಕಳು ಆ ಹೊಗೆ ಕುಡಿಯುತ್ತಾರೆ ಎಂಬುದನ್ನು ಊರೂರು ಸುತ್ತಿ ಹಿಂಬಾಲಿಸುವ ಅಧ್ಯಯನಕ್ಕೆ ಯಾವ ಮಾರುಕಟ್ಟೆಯೂ ಹಣ ಹೂಡುವುದಿಲ್ಲ, ಏಕೆಂದರೆ ಅದರಿಂದ ಲಾಭವಿಲ್ಲ.

ನಂಬಿಕೆಯ ವಿಷಯ ಇವೆರಡಕ್ಕಿಂತ ನಾಜೂಕಾದದ್ದು. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ; ಆದರೂ ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡುವವರ ಬೆದರಿಕೆಗೆ ನಿವೃತ್ತರು ಜೀವಮಾನದ ಉಳಿತಾಯ ಕಳೆದುಕೊಳ್ಳುತ್ತಿದ್ದಾರೆ. ಹಣ ಹೋದ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಬೇಕೆಂಬುದನ್ನು ಈ ಸಂದರ್ಭದಲ್ಲೇ ನೆನಪಿಸುತ್ತೇನೆ. ನಾಚಿಕೆಯಿಂದ ದೂರು ಕೊಡದವರು ಎಷ್ಟು, ಭಯದಿಂದ ಫೋನನ್ನೇ ಬದಿಗಿಟ್ಟವರು ಎಷ್ಟು? ಇವರೂ ವಾಪಸು ಹೋದವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಆ ಹಕ್ಕು ಹೆಬ್ಬೆಟ್ಟೊತ್ತುವವರ ಬದುಕಿನಲ್ಲಿ ಹೇಗೆ ಕಾಣುತ್ತಿದೆ ಎಂಬುದನ್ನು ಅವರ ಬಾಯಿಂದಲೇ ಕೇಳಬೇಕು.

ಹಾಗಾದರೆ ಹಣ ಯಾರು ಕೊಡಬೇಕು? ನಂಬಿಕೆಯ ಬಗ್ಗೆ ನಡೆಯುವ ಅಧ್ಯಯನಕ್ಕೆ, ಆ ನಂಬಿಕೆಯಿಂದ ವ್ಯಾಪಾರ ನಡೆಸುವ ಕಂಪನಿಯೇ ದುಡ್ಡು ಕೊಟ್ಟರೆ, ಸಂಶೋಧಕರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಓದುವವರ ಮನಸ್ಸಿನಲ್ಲಿ ಅನುಮಾನ ಉಳಿಯುತ್ತದೆ. 1992ರಲ್ಲಿ ಸ್ಥಾಪನೆಯಾದ, ಲಾಭರಹಿತ ಸಂಸ್ಥೆಯಾದ ಇಂಟರ್ನೆಟ್ ಸೊಸೈಟಿಗೆ ‘ಡಾಟ್ ಆರ್ಗ್’ ಎಂದು ಕೊನೆಗೊಳ್ಳುವ ಜಾಲತಾಣಗಳ ಹೆಸರುಗಳ ನೋಂದಣಿಯಿಂದ ಆದಾಯ ಬರುತ್ತದೆ; ಅದರ ಪ್ರತಿಷ್ಠಾನವು ಅಂತರ್ಜಾಲದ ಸುಸ್ಥಿರತೆ, ನಂಬಿಕೆಯಂಥ ವಿಷಯಗಳ ಸಂಶೋಧನೆಗೆ ಅನುದಾನ ನೀಡುತ್ತ ಬಂದಿದೆ. ಇದು ಒಳ್ಳೆಯ ಮಾದರಿಯೆಂದೇ ನನ್ನ ಅಭಿಪ್ರಾಯ. ಆದರೆ ಅನುದಾನದ ಅರ್ಜಿಯನ್ನು ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆಯಬಲ್ಲವರಿಗಷ್ಟೇ ಹಣ ದೊರೆಯುವಂತಾದರೆ ಪ್ರಶ್ನೆಗಳೂ ಅವರವೇ ಆಗುತ್ತವೆ. ನಮ್ಮ ಸಂಸತ್ತು 2023ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆಯನ್ನು ಅಂಗೀಕರಿಸಿತು. ಸರ್ಕಾರ ಅದಕ್ಕೆ ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಯ ಅಂದಾಜು ಇಟ್ಟಿತು. ಅದರಲ್ಲಿ ಒಂದು ಸಣ್ಣ ಪಾಲು ಮಂಡ್ಯದ, ಮಳವಳ್ಳಿಯ ಕಾಲೇಜುಗಳ ಅಧ್ಯಾಪಕರಿಗೆ, ಕನ್ನಡದಲ್ಲಿ ಬರೆದ ಎರಡು ಪುಟದ ಅರ್ಜಿಗೆ ಸಿಗುವಂತಾಗಬೇಕು ಎಂಬುದು ನನ್ನ ಬೇಡಿಕೆ. ಆರು ತಿಂಗಳಲ್ಲಿ ವರದಿ ಕೊಡಿ ಎಂದು ಅವಸರಿಸಬಾರದು. ಕೂಲಿಯ ಕಾಲ, ಬಿಡುವಿನ ಕಾಲ, ಮಳೆಗೆ ಕರೆಂಟ್ ಹೋಗುವ ಕಾಲ ಎಲ್ಲವನ್ನೂ ನೋಡಲು ಎರಡು ವರ್ಷವಾದರೂ ಬೇಕು. ಕಂಡದ್ದನ್ನು ಪತ್ರಿಕೆಯಲ್ಲಿ ಪ್ರಕಟಿಸುವ ಮೊದಲು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು; ಅಂದು ಖಾಲಿ ಚೀಲ ಮಡಚಿಕೊಂಡು ಹೋದ ಆ ತಾಯಿ ಅಲ್ಲಿ ಕುಳಿತು, ‘ಈ ಲೆಕ್ಕ ಸರಿಯಾಗದೆ’ ಎಂದೋ, ‘ಇಲ್ಲ, ತಪ್ಪಾಗದೆ’ ಎಂದೋ ಹೇಳುವಂತಿರಬೇಕು.

ನಮಸ್ಕಾರ.