ಬೆಳ್ಳುಳ್ಳಿ ತರಲು ಹೋಗಿ ಈರುಳ್ಳಿ ತಂದವಳು

ರಾತ್ರಿ ಹನ್ನೊಂದೂವರೆ. ಇದು ನಮ್ಮ ಅಡುಗೆಮನೆ. ಇದು ನನ್ನ ಕೈ. ಸುಲಿಯುತ್ತಿರುವುದು ಬೆಳ್ಳುಳ್ಳಿ, ನಾಳೆಯ ಚಟ್ನಿಪುಡಿಗೆ. ಬೇರೆ ಕಾರಣ ಏನೂ ಇಲ್ಲ.

ಸರಿ, ಸುಳ್ಳು ಯಾಕೆ ಹೇಳಲಿ. ಈಗಷ್ಟೇ 'ಅಬಿಗೈಲ್' ನೋಡಿ ಮುಗಿಸಿದೆ. 2024ರ ಸಿನಿಮಾ. ಆರು ಜನ ಕ್ರಿಮಿನಲ್‌ಗಳು ಸೇರಿ 12 ವರ್ಷದ ಒಬ್ಬ ಬ್ಯಾಲೆ ಹುಡುಗಿಯನ್ನು ಎತ್ತಿಕೊಂಡು ಬರುತ್ತಾರೆ. ಒಂದು ಹಳೇ ಬಂಗಲೆಯಲ್ಲಿ 24 ಗಂಟೆ ಅವಳನ್ನು ಕಾಯಬೇಕು, ಅಷ್ಟೇ ಕೆಲಸ. ಬೇಡಿಕೆ 5 ಕೋಟಿ ಡಾಲರ್. ಆದರೆ ಆ ಹುಡುಗಿ ರಕ್ತ ಕುಡಿಯುವ ಪಿಶಾಚಿ. ಇದನ್ನು ನಾನು ಹೇಳಿ ಮಜಾ ಕೆಡಿಸಿದೆ ಅಂತ ಬೈಯಬೇಡಿ. ಟ್ರೇಲರ್‌ನಲ್ಲೇ ಹೇಳಿಬಿಟ್ಟಿದ್ದರು!

ಸಿನಿಮಾದಲ್ಲಿ ಮಾತ್ರ ಆ ಗುಟ್ಟು ತುಂಬಾ ಹೊತ್ತು ಹೊರಗೆ ಬರುವುದಿಲ್ಲ. ಮೊದಲು ಶುರುವಾಗುವುದು ಅನುಮಾನ. ಒಬ್ಬನ ತಲೆ ಹೋಗುತ್ತದೆ, ಉಳಿದವರು ಒಬ್ಬರನ್ನೊಬ್ಬರು ಗುರಾಯಿಸುತ್ತಾರೆ. ಕಳ್ಳರ ಬುದ್ಧಿ ನೋಡಿ, ಪಕ್ಕದವನು ಮೋಸ ಮಾಡಿದ್ದಾನೆ ಅಂತಲೇ ಮೊದಲು ಹೊಳೆಯುವುದು. ಕೈಗೆ ಕೋಳ ಹಾಕಿಸಿಕೊಂಡು ಅಳುತ್ತಾ ಕೂತ ಮಗು ಯಾರ ಲೆಕ್ಕಕ್ಕೂ ಇಲ್ಲ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಇಲ್ಲಿ ಇಲಿಗಳೆಲ್ಲ ತಾವೇ ಬೆಕ್ಕು ಅಂದುಕೊಂಡಿವೆ. ನನಗೆ ನಗು ಬಂದಿದ್ದು ಅದಕ್ಕೇ.

ಇನ್ನು ಆ ಈರುಳ್ಳಿ. ವಿಷಯ ಗೊತ್ತಾದ ಮೇಲೆ ಎಲ್ಲರೂ ಆಯುಧ ಹುಡುಕಲು ಓಡುತ್ತಾರೆ. ರಕ್ತಪಿಶಾಚಿಗಳಿಗೆ ಆಗದು ಅಂತ ಕಥೆಗಳಲ್ಲಿ ಹೇಳುವ ಶಿಲುಬೆ, ಮರದ ಗೂಟ, ಬೆಳ್ಳುಳ್ಳಿ. ಸ್ಯಾಮಿ ಅನ್ನುವವಳು ಅಡುಗೆಮನೆಯಿಂದ ಹೆಮ್ಮೆಯಿಂದ ಎತ್ತಿಕೊಂಡು ಬರುವುದು ಈರುಳ್ಳಿ! ಕನ್ನಡದಲ್ಲಾದರೆ ಕ್ಷಮಿಸಬಹುದಿತ್ತು, ಎರಡರ ಕೊನೆಗೂ 'ಉಳ್ಳಿ' ಇದೆಯಲ್ಲ. ಅವಳಿಗೆ ಆ ನೆಪವೂ ಇಲ್ಲ. ಅವಳು ಕಂಪ್ಯೂಟರ್ ಹ್ಯಾಕರ್. ಎಂಥ ಬೀಗವಾದರೂ ತೆಗೆದಾಳು, ತರಕಾರಿ ಗುರುತು ಸಿಗುವುದಿಲ್ಲ. ಆ ಸೀನ್ ಮೂರು ಸಲ ಹಿಂದೆ ಓಡಿಸಿ ನೋಡಿದೆ.

ಹುಡುಗಿಯ ಪಾತ್ರ ಮಾಡಿದವಳು ಐರ್ಲೆಂಡ್‌ನ ಅಲೀಶಾ ವಿಯರ್. ಚಿತ್ರೀಕರಣ ನಡೆದಿದ್ದೂ ಐರ್ಲೆಂಡ್‌ನಲ್ಲೇ. ಖಾಲಿ ವೇದಿಕೆಯಲ್ಲಿ 'ಸ್ವಾನ್ ಲೇಕ್' ಸಂಗೀತಕ್ಕೆ ಕುಣಿಯುವಾಗ ಎಷ್ಟು ಮುದ್ದಾಗಿದ್ದಾಳೋ, ಬಾಯಿ ತುಂಬ ಹಲ್ಲು ಬಂದ ಮೇಲೆ ಅಷ್ಟೇ ಭಯಂಕರ. ದೊಡ್ಡವರನ್ನೆಲ್ಲ ನುಂಗಿ ಹಾಕಿದ್ದಾಳೆ. ನಟನೆಯಲ್ಲೂ.

ಕಳ್ಳರಿಗೆ ಸ್ವಂತ ಹೆಸರು ಹೇಳಲು ಅನುಮತಿ ಇಲ್ಲ, ಅಡ್ಡಹೆಸರು ಕೊಡುತ್ತಾರೆ. ಫ್ರಾಂಕ್, ಡೀನ್, ಸ್ಯಾಮಿ, ಹೀಗೆ ಅಮೆರಿಕದ ಹಳೇ ಗಾಯಕ ಫ್ರಾಂಕ್ ಸಿನಾತ್ರಾ ಮತ್ತು ಅವನ ಗೆಳೆಯರ ಗುಂಪಿನ ಹೆಸರುಗಳು. ಒಬ್ಬನಿಗೆ ರಿಕಲ್ಸ್. ಅದು ಹಾಸ್ಯನಟ ಡಾನ್ ರಿಕಲ್ಸ್ ಹೆಸರು. ಆ ಡಾನ್ ರಿಕಲ್ಸ್ 1992ರ 'ಇನ್ನೋಸೆಂಟ್ ಬ್ಲಡ್'ನಲ್ಲಿ ಮಾಫಿಯಾ ವಕೀಲನಾಗಿ ನಟಿಸಿ, ತಾನೇ ರಕ್ತಪಿಶಾಚಿಯಾಗಿ, ಆಸ್ಪತ್ರೆಯಲ್ಲಿ ಬಿಸಿಲು ಬಿದ್ದು ಉರಿದುಹೋಗುತ್ತಾನೆ! ಬೇಕಂತಲೇ ಇಟ್ಟ ಹೆಸರೋ ಅಲ್ಲವೋ, ನನಗಂತೂ ಮಜಾ ಅನ್ನಿಸಿತು.

ಆ ಹಳೇ ಸಿನಿಮಾದ ಊರು ಪಿಟ್ಸ್‌ಬರ್ಗ್. ನಾಯಕಿಯೂ ರಕ್ತಪಿಶಾಚಿಯೇ, ಆದರೆ ಕೆಟ್ಟವರ ರಕ್ತ ಮಾತ್ರ ಕುಡಿಯುತ್ತಾಳೆ. ಕುಡಿದ ಮೇಲೆ ಅವರು ಮತ್ತೆ ಏಳದಂತೆ ಪೂರ್ತಿ ಮುಗಿಸಬೇಕು, ಅದು ಅವಳ ನಿಯಮ. ಒಮ್ಮೆ ಮಾಫಿಯಾ ಬಾಸ್‌ನನ್ನು ಅರ್ಧಕ್ಕೇ ಬಿಟ್ಟು ಓಡುತ್ತಾಳೆ. ಅವನು ಶವಾಗಾರದಲ್ಲಿ ಎದ್ದು ಕೂತು, ತನ್ನ ಇಡೀ ಗ್ಯಾಂಗನ್ನೇ ರಕ್ತಪಿಶಾಚಿ ಮಾಡಲು ಹೊರಡುತ್ತಾನೆ. ತಟ್ಟೆಯಲ್ಲಿ ಬಿಟ್ಟ ಊಟ ಎದ್ದು ಬಂದು ಕಚ್ಚಿದ ಹಾಗೆ.

'ಅಬಿಗೈಲ್' ಕೊನೆಯ ಕಾಲು ಗಂಟೆ ಸ್ವಲ್ಪ ಎಳೆಯುತ್ತದೆ. ರಕ್ತವೂ ಜಾಸ್ತಿ, ಬಕೆಟ್ ಲೆಕ್ಕ. ಊಟ ಮಾಡುತ್ತಾ ನೋಡಬೇಡಿ. ನಾನು ಟೊಮ್ಯಾಟೊ ಸಾರನ್ನು ಅರ್ಧಕ್ಕೇ ಬಿಟ್ಟೆ.

ಒಳಗಿಂದ ಈಗ ಅಮ್ಮನ ದನಿ ಕೇಳಿಸಿತಾ? "ಅರ್ಧ ರಾತ್ರೀಲಿ ಏನೇ ಅದು?"

ಬೆಳ್ಳುಳ್ಳಿ ಅಮ್ಮಾ. ಹೌದು, ಬೆಳ್ಳುಳ್ಳಿಯೇ. ನೋಡಿಕೊಂಡೇ ತಗೊಂಡಿದ್ದೀನಿ.