ಬುತ್ತಿ ಕಟ್ಟಿಕೊಂಡು ಒಂದೇ ಊರಿಗೆ

ಕೇಳುಗರಿಗೆಲ್ಲ ನಮಸ್ಕಾರ.

ಶನಿವಾರ ಮಧ್ಯಾಹ್ನ ಶಾಲೆಯ ಚೀಲ ಮೂಲೆಗೆ ಬಿದ್ದ ಕೂಡಲೇ ನಮ್ಮ ಮನೆಯಲ್ಲಿ ಒಂದು ಮಾತು ಏಳುತ್ತದೆ. "ಅವ್ವಾ, ನಾಳೆ ಎಲ್ಲಿಗೆ ಹೋಗೂಣು?" ನಿಮ್ಮ ಮನೆಯಲ್ಲೂ ಏಳುತ್ತದೆ, ಅಲ್ವಾ? ನಾನು ಹುಬ್ಬಳ್ಳಿಯವಳು. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು.

ಎರಡು ವರ್ಷದ ಹಿಂದೆ ಇದೇ ಮಾತಿಗೆ ನಾನು ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನಕ್ಕೆ ಹಾಕಿಕೊಂಡೆ. ನಸುಕಿನಲ್ಲಿ ಮಕ್ಕಳನ್ನು ಎಬ್ಬಿಸಿ ಕಾರು ಹತ್ತಿಸಿದ್ದಾಯಿತು. ನವಲಗುಂದ ದಾಟುವಷ್ಟರಲ್ಲಿ ಮಗ ವಾಂತಿ ಮಾಡಿಕೊಂಡ. ಪಟ್ಟದಕಲ್ಲು ಮುಟ್ಟುವಾಗ ನಡುಮಧ್ಯಾಹ್ನದ ಬಿಸಿಲು. ಐಹೊಳೆಯಲ್ಲಿ ಇಬ್ಬರೂ ಕಾರಿನಿಂದ ಇಳಿಯಲೇ ಇಲ್ಲ. ಮರುದಿನ ಅವರ ಅಜ್ಜಿ "ಏನೇನ್ ನೋಡಿದಿ?" ಅಂತ ಕೇಳಿದರೆ, ಮಗ "ಮಂಗ್ಯಾ ನನ್ನ ಬಾಳೆಹಣ್ಣ ಕಸಗೊಂಡು ಹೋತು" ಅಂದ. ಅಷ್ಟೇ. ನನಗೆ ಬಹಳ ಕೆಟ್ಟೆನಿಸಿತು. ಆ ಊರುಗಳು ಒಂದೊಂದೂ ಪೂರ್ತಿ ಒಂದು ದಿನ ಬೇಡುವಂಥವು. ನಾನು ಕೊಟ್ಟಿದ್ದು ಒಂದೊಂದು ತಾಸು.

ಅಂದಿನಿಂದ ನಮ್ಮಲ್ಲಿ ಒಂದು ಕಟ್ಟು ಇದೆ. ಒಂದು ದಿನಕ್ಕೆ ಒಂದೇ ಊರು. ದಾರಿ ಎರಡು ತಾಸಿನೊಳಗೆ ಮುಗಿಯಬೇಕು. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು.

ಹೀಗೆ ಮೊದಲು ಹೋಗಿದ್ದು ಲಕ್ಕುಂಡಿಗೆ. ಕಾರು ಬೇಡ ಅಂತ ರೈಲಿಗೆ ಹೊರಟೆವು. ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ ಸುಮಾರು ಒಂದೂವರೆ ಕಿಲೋಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು ಅಂತ ದಾಖಲೆಯಾಗಿದೆ. ಮಗ ಹೆಜ್ಜೆ ಎಣಿಸುತ್ತಾ ಹೋದ. ಮುನ್ನೂರಾದ ಮೇಲೆ ಲೆಕ್ಕ ತಪ್ಪಿತು, ಮತ್ತೆ ಒಂದರಿಂದ ಶುರು ಮಾಡಿದ. ರೈಲಿನಲ್ಲಿ ಅಣ್ಣಿಗೇರಿ ಬಂದಾಗ ಮಗಳಿಗೆ "ಪಂಪ ಹುಟ್ಟಿದ ಊರು ಇದು" ಅಂತ ತೋರಿಸಿದೆ. ಆಚೆ ಈಚೆ ಕರಿ ಎರೆಹೊಲ, ಕಡಲೆ, ಜೋಳ. ಅಲೆದಾಡಲು ಜಾಗ ಇದ್ದರೆ, ಕಿಟಕಿ ಇದ್ದರೆ, ಮಕ್ಕಳಿಗೆ ಪ್ರಯಾಣವೇ ಅರ್ಧ ಪ್ರವಾಸ. ಗದಗಿನಲ್ಲಿ ಇಳಿದು ಬಸ್ಸು ಹತ್ತಿದರೆ ಲಕ್ಕುಂಡಿ ಹನ್ನೆರಡು ಕಿಲೋಮೀಟರ್ ಅಷ್ಟೇ.

ಲಕ್ಕುಂಡಿಯಲ್ಲಿ ಗುಡಿಗಳು ಬಹಳ. ಎಲ್ಲವನ್ನೂ ನೋಡಲು ಹೋಗಬೇಡಿ. ನಾವು ಮೂರು ನೋಡಿದೆವು. ಕಾಶಿವಿಶ್ವನಾಥ ಗುಡಿಯಲ್ಲಿ ಶಿವನ ಗುಡಿ, ಸೂರ್ಯನ ಗುಡಿ ಎದುರುಬದುರು ಇವೆ. ಬಾಗಿಲಿನ ಚೌಕಟ್ಟಿನ ಕೆತ್ತನೆ ಎಷ್ಟು ಸಣ್ಣದೆಂದರೆ ಮಗಳು ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದಳು. "ಕಲ್ಲಿನ್ಯಾಗ ಹಿಂಗ ಹೆಂಗ ಕೆತ್ತಿದ್ರವ್ವಾ?" ಅಂದಳು. ಇದು ಬಳಪದ ಕಲ್ಲು, ನೀನು ಪಾಟಿಯ ಮೇಲೆ ಬರೆಯುತ್ತಿದ್ದ ಬಳಪದ ಜಾತಿಯದು, ಮೆತ್ತಗಿರುತ್ತದೆ ಅಂದಾಗ ಅವಳ ಕಣ್ಣು ಅರಳಿದ್ದು ಈಗಲೂ ನೆನಪಿದೆ. ಆಮೇಲೆ ಬ್ರಹ್ಮ ಜಿನಾಲಯ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ್ದು. ಪೊನ್ನನ ಶಾಂತಿಪುರಾಣವನ್ನು ತಾಳೆಗರಿಯ ಮೇಲೆ ಸಾವಿರ ಪ್ರತಿ ಬರೆಸಿ ಹಂಚಿದವಳು ಆಕೆ. ಶಾಲೆಯಲ್ಲಿ ಒಂದು ಪುಟ ಕಾಪಿ ಬರೆಯಲು ಅಳುವ ಮಕ್ಕಳಿಗೆ ಸಾವಿರ ಪುಸ್ತಕ ಕೈಯಲ್ಲಿ ಬರೆಯುವುದೆಂದರೆ ಏನೆಂದು ಕೂಡಲೇ ತಿಳಿಯುತ್ತದೆ.

ಮೂರನೆಯದು ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿ. ಅಲ್ಲೇ ನಮ್ಮ ಅರ್ಧ ದಿನ ಕಳೆಯಿತು. ಮೇಲಿನಿಂದ ನೀರಿನವರೆಗೆ ಮೆಟ್ಟಿಲು. ಗೋಡೆಯಲ್ಲಿ ಗುಡಿಯಂಥ ಪುಟ್ಟ ಪುಟ್ಟ ಗೂಡು. ಮೆಟ್ಟಿಲು ಕಡಿದು, ಹಾಗಾಗಿ ಒಬ್ಬೊಬ್ಬರ ಕೈ ಒಬ್ಬೊಬ್ಬ ದೊಡ್ಡವರು ಹಿಡಿದಿರಲೇಬೇಕು. ಮಗ ಪೂರ್ತಿ ಕೆಳಗೆ ಹೋಗುವೆನೆಂದು ಹಟ ಮಾಡಿದ. ನಡುವಿನ ಒಂದು ಮೆಟ್ಟಿಲಿನ ಮೇಲೆ ಕುಳಿತುಕೊಂಡೆವು. ಅಲ್ಲಿ ತಂಪು. ಅವನು "ಓ" ಅಂದ, ಬಾವಿ "ಓ" ಅಂತು. ಇಬ್ಬರೂ ಎಷ್ಟೋ ಹೊತ್ತು ಮಾತಾಡಿಕೊಂಡರು. ನಾನು ಗಡಿಯಾರ ನೋಡಲಿಲ್ಲ.

ಒಂದು ಮಾತು ಮರೆಯಬೇಡಿ. ಗುಡಿಯ ಹೊರಗೇ ಚಪ್ಪಲಿ ಬಿಡಬೇಕು. ಹನ್ನೊಂದು ಗಂಟೆಯ ಮೇಲೆ ಅಂಗಳದ ಕಲ್ಲು ಹಂಚಿನಂತೆ ಕಾದಿರುತ್ತದೆ. ದೊಡ್ಡವರಿಗೆ ಗೊತ್ತಾಗುವ ಮೊದಲೇ ಮಕ್ಕಳ ಅಂಗಾಲು ಸುಡುತ್ತದೆ. ಚೀಲದಲ್ಲಿ ಎರಡು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಂತೂ ಗದಗಿನ ಕಡೆ ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ ಅಂತಲೇ ನಾನು ಹೇಳುತ್ತೇನೆ.

ಊಟ ಮನೆಯದೇ ಇರಲಿ. ಚಪಾತಿ, ಶೇಂಗಾ ಹಿಂಡಿ, ಮೊಸರನ್ನ, ಎರಡು ಸೌತೆಕಾಯಿ. ಕಟಕ ರೊಟ್ಟಿ ಒಯ್ದರೆ ಕೆಡುವ ಮಾತೇ ಇಲ್ಲ. ಗಿರಮಿಟ್ಟು, ಮಿರ್ಚಿ ಎಲ್ಲಾ ಬರುವಾಗ ತಿಂದರಾಯಿತು. ಹೋಗುವಾಗ ಎಣ್ಣೆಯದು ತಿನ್ನಿಸಿದರೆ ಬಸ್ಸಿನಲ್ಲಿ ಕಷ್ಟ.

ಚಳಿಗಾಲ ಬಂದರೆ ಮಾಗಡಿ ಕೆರೆ. ಬೆಂಗಳೂರಿನ ಹತ್ತಿರದ ಮಾಗಡಿ ಅಲ್ಲ, ನಮ್ಮ ಶಿರಹಟ್ಟಿ ಕಡೆಯದು. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ಹಾರಿ ದಾಟಿ ಇಲ್ಲಿಗೆ ಬರುತ್ತವೆ. ಬಿಳಿ ತಲೆ, ಅದರ ಮೇಲೆ ಎರಡು ಕಪ್ಪು ಗೀರು. 2024ರಲ್ಲಿ ಈ ಕೆರೆಗೆ ರಾಮ್ಸರ್ ತಾಣ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲೆಗಳಲ್ಲಿ ಒಂದು ಎಂಬ ಮಾನ್ಯತೆಯೂ ಸಿಕ್ಕಿದೆ. ಡಿಸೆಂಬರ್, ಜನವರಿ ಒಳ್ಳೆಯ ಸಮಯ. ಬೆಳಗ್ಗೆ ಬೇಗ ಹೋಗಿ, ಮಕ್ಕಳಿಗೆ ಢಾಳು ಬಣ್ಣದ ಅಂಗಿ ಹಾಕಬೇಡಿ, ಪಿಸುಮಾತಿನಲ್ಲೇ ಮಾತಾಡಿ. ಕೂಗಿದರೆ, ಕಲ್ಲು ಎಸೆದರೆ ಹಿಂಡೇ ಏಳುತ್ತದೆ. ಅಷ್ಟು ದೂರದಿಂದ ಬಂದ ಹಕ್ಕಿಗೆ ಸುಮ್ನೆ ತೊಂದರೆ ಯಾಕೆ? ಸುತ್ತಲಿನ ಹೊಲಗಳೂ ಯಾರದೋ ದುಡಿಮೆ. ಬದುವಿನ ಮೇಲೆ ನಡೆಸಿ, ಬೆಳೆಯೊಳಗೆ ಬಿಡಬೇಡಿ.

ಇಡೀ ದಿನ ಸಿಗದಿದ್ದರೆ ಊರೊಳಗೇ ಇದೆಯಲ್ಲ. ಹುಬ್ಬಳ್ಳಿಯಲ್ಲಿ ರೈಲ್ವೆ ಮ್ಯೂಸಿಯಂ ಇದೆ. ಉಣಕಲ್‌ನ ಚಂದ್ರಮೌಳೇಶ್ವರ ಗುಡಿ ಇದೆ, ನಾಲ್ಕೂ ದಿಕ್ಕಿಗೆ ಬಾಗಿಲು. ಇಲ್ಲವಾದರೆ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ, ಬೇಂದ್ರೆಯವರ ಸಾಧನಕೇರಿ ಸುತ್ತಿ, ಪೇಡೆ ತಿಂದು ಬರಬಹುದು. ಆ ಬಸ್ಸಿನಲ್ಲೇ ಒಮ್ಮೆ ಮಗ "ಚಿಗರಿ ಅಂದ್ರೇನು?" ಅಂತ ಕೇಳಿದ. ಮುಂದಿನ ತಿಂಗಳೇ ಕರೆದುಕೊಂಡು ರಾಣೆಬೆನ್ನೂರಿಗೆ ಹೋದೆವು. ಚಿಗರಿ ಅಂದರೆ ಕೃಷ್ಣಮೃಗ, ಅಲ್ಲಿನ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರ್. ಸುರುಳಿ ಕೋಡಿನ ಕರಿ ಗಂಡೊಂದು ಕಂಡಿದ್ದು ಒಂದೇ ನಿಮಿಷ. ಆ ಒಂದು ನಿಮಿಷಕ್ಕೆ ಅವನು ಬೆಳಗ್ಗೆಯಿಂದ ಬಾಯಿ ಮುಚ್ಚಿಕೊಂಡು ಕಾದಿದ್ದ. ನಾನು ಅವನನ್ನು ಹಾಗೆ ಕಂಡಿದ್ದೇ ಮೊದಲು.

ಈ ರವಿವಾರ ನಾವು ಗದಗ ಜಿಲ್ಲೆಯ ದಂಬಳಕ್ಕೆ ಹೊರಟಿದ್ದೇವೆ. ಅಲ್ಲಿನ ದೊಡ್ಡಬಸಪ್ಪನ ಗುಡಿಯ ಗರ್ಭಗೃಹವನ್ನು 24 ಮೂಲೆಯ ನಕ್ಷತ್ರದ ಆಕಾರದಲ್ಲಿ ಕಟ್ಟಿದ್ದಾರೆ. ಮುಂದಿನ ಮಂಟಪ ಅಂಟಿಕೊಂಡ ಕಡೆ ಕೆಲವು ಮೂಲೆ ಮರೆಯಾಗಿವೆ. ಮಗ ಈಗಲೇ 24 ಶೇಂಗಾ ಎಣಿಸಿ ಡಬ್ಬಿಯಲ್ಲಿ ಇಟ್ಟಿದ್ದಾನೆ. ಒಂದು ಮೂಲೆ ದಾಟಿದರೆ ಒಂದು ಶೇಂಗಾ ಈ ಕಿಸೆಯಿಂದ ಆ ಕಿಸೆಗೆ. ಸುತ್ತು ಮುಗಿದ ಮೇಲೆ ಎಷ್ಟು ಉಳಿಯುತ್ತವೋ ಅಷ್ಟು ಮೂಲೆ ಗೋಡೆಯೊಳಗೆ ಅಡಗಿವೆ ಅಂತ ಅಕ್ಕ ಲೆಕ್ಕ ಹೇಳಿಕೊಟ್ಟಿದ್ದಾಳೆ. ದಾರಿಯಲ್ಲಿ ಒಂದನ್ನೂ ತಿನ್ನುವುದಿಲ್ಲ ಅಂತ ಅವನು ಆಣೆ ಮಾಡಿದ್ದಾನೆ.

ನಮಸ್ಕಾರ.